ಮಹಾವೀರಾಚಾರ್ಯರ ಸಂಖ್ಯಾಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. ಜಿನವಂದನೆಯಿಂದ ಆರಂಭವಾಗುವ ಈ ಗ್ರಂಥದಲ್ಲಿ ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳ ಹೆಸರುಗಳಿವೆ; 24 ತೀರ್ಥಂಕರರನ್ನು ನೆನೆಯುವ ಶ್ರಾವಕರಿಗೆ ಈ ಎಣಿಕೆ ಹಿತವೆನಿಸದಿರದು.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯರು ಕಂಠಾಭರಣದಂತಹ ಸಂಖ್ಯೆಗಳನ್ನು ಪೋಣಿಸಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವುದು ಸಲ್ಲದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಅಂದರೆ ಈ ಹಾರವು ಆರು ಒಂದುಗಳುಳ್ಳ ಸಂಖ್ಯೆಯ ವರ್ಗವೇ ಸರಿ. ಒಂದುಗಳ ಸಾಲನ್ನು ಸ್ಥಾನ ಜರುಗಿಸಿ ಕೂಡುತ್ತಾ ಹೋದಾಗ ನಡುವೆ ಹೆಚ್ಚೆಂದರೆ ಆರು ಬರುವುದರಿಂದ ದಶಕ ದಾಟಿಸುವ ಪ್ರಮೇಯವೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಅಂದ ಉಳಿಯುತ್ತದೆ. ಹತ್ತನೆಯದು ಸೇರಿದೊಡನೆ ಹಾರ ಹರಿಯುತ್ತದೆ.

1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚಿಗೆ ತಂದ ಮೇಲೆಯೇ ವಿದ್ವಜ್ಜಗತ್ತು ಗ್ರಂಥದ ಹಿರಿಮೆಯನ್ನು ಅರಿತದ್ದು. ತಾಳೆಗರಿಯನ್ನು ಪೂಜಿಸಿದಷ್ಟೇ ಶ್ರದ್ಧೆಯಿಂದ ಬಿಚ್ಚಿ ಓದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. ಕನ್ನಡ ಅನುವಾದ ಸಹಿತವಾದ ಆವೃತ್ತಿಯೊಂದು 2000ದಲ್ಲಿ ಹೊಂಬುಜದಿಂದ ಹೊರಬಂದಿತು.