ಕೈಗಾರಿಕೀಕರಣ ಮತ್ತು ಕಾರ್ಮಿಕರು: ಮ್ಯಾಂಚೆಸ್ಟರ್ ನಗರ

ಹಿಂದೆ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಗೆ ಸೇರಿದ್ದ ಮ್ಯಾಂಚೆಸ್ಟರ್, ಹತ್ತಿ ಗಿರಣಿಗಳಿಂದಲೇ ಬೆಳೆದ ನಗರ. 1801ರಲ್ಲಿ ಸುಮಾರು 75 ಸಾವಿರವಿದ್ದ ಅದರ ಜನಸಂಖ್ಯೆ 1851ರ ಹೊತ್ತಿಗೆ 3 ಲಕ್ಷ ಮುಟ್ಟಿತು. ಯಂತ್ರಗಳು ತಂದ ಸಂಪತ್ತು ಯಾರ ಪಾಲಾಯಿತು, ಅದಕ್ಕಾಗಿ ಸವೆದವರು ಯಾರು ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

1771ರಲ್ಲಿ ಉದ್ಯಮಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ನೂಲಿನ ಗಿರಣಿ ಕಟ್ಟಿದಾಗ ಅದು ನಡೆಯುತ್ತಿದ್ದದ್ದು ನೀರಿನ ಬಲದಿಂದ. ಹಬೆಯಂತ್ರ ಬಂದ ಮೇಲೆ ಹೊಳೆಯ ಹಂಗು ತಪ್ಪಿತು, ಗಿರಣಿಗಳು ಪಟ್ಟಣ ಸೇರಿದವು. ಅಗ್ಗದ ನೂಲು ಸಿಕ್ಕಿದ್ದರಿಂದ ಕೈಮಗ್ಗದ ನೇಕಾರರಿಗೆ ಮೊದಮೊದಲು ಒಳ್ಳೆಯ ದಿನಗಳೇ ಬಂದಿದ್ದವು. ಆದರೆ ನೇಯುವವರ ಸಂಖ್ಯೆ ಹೆಚ್ಚಿತು; ಬೆನ್ನಿಗೇ ಯಂತ್ರಮಗ್ಗವೂ ಬಂತು. 1805ರ ಸುಮಾರಿಗೆ ವಾರಕ್ಕೆ 20 ಶಿಲ್ಲಿಂಗ್‌ಗೂ ಹೆಚ್ಚು ದುಡಿಯುತ್ತಿದ್ದ ನೇಕಾರರ ಗಳಿಕೆ 1830ರ ದಶಕದಲ್ಲಿ 6 ಶಿಲ್ಲಿಂಗ್‌ಗಳ ಆಸುಪಾಸಿಗೆ ಕುಸಿಯಿತು.

ಗಿರಣಿಯೊಳಗೆ ಗಂಟೆಯದೇ ಆಳ್ವಿಕೆ. ಕೆಲವೇ ನಿಮಿಷ ತಡವಾದರೂ ಕೂಲಿಯಲ್ಲಿ ಕಡಿತ. ನೂಲುವ ‘ಮ್ಯೂಲ್’ ಯಂತ್ರದ ಗಾಡಿ ಹಿಂದಕ್ಕೂ ಮುಂದಕ್ಕೂ ಓಡುತ್ತಿರುವಾಗಲೇ ಎಳೆಯ ಮಕ್ಕಳು ಅದರಡಿ ತೆವಳಿ, ಉದುರಿದ ಹತ್ತಿಯನ್ನು ಗುಡಿಸಿ ತೆಗೆಯಬೇಕಿತ್ತು. ಎಳೆ ಕಡಿಯದಿರಲೆಂದು ಒಳಗೆ ಸೆಕೆ ಮತ್ತು ತೇವವನ್ನು ಕಾಯ್ದುಕೊಳ್ಳುತ್ತಿದ್ದರು. ಗಾಳಿಯಲ್ಲಿ ತೇಲುವ ಹತ್ತಿಯ ಧೂಳು ಕೆಲಸಗಾರರ ಶ್ವಾಸಕೋಶ ಸೇರುತ್ತಿತ್ತು.

ವರ್ಗಗಳ ನಡುವಿನ ಅಂತರ ಆಯುಸ್ಸಿನಲ್ಲೇ ಕಾಣುತ್ತಿತ್ತು. ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ 1842ರಲ್ಲಿ ಸಲ್ಲಿಸಿದ ನೈರ್ಮಲ್ಯ ವರದಿಯ ಪ್ರಕಾರ, ಮ್ಯಾಂಚೆಸ್ಟರಿನಲ್ಲಿ ಸಾಯುವಾಗಿನ ಸರಾಸರಿ ವಯಸ್ಸು ವೃತ್ತಿಪರರು ಮತ್ತು ಶ್ರೀಮಂತರ ಕುಟುಂಬಗಳಲ್ಲಿ 38, ಕೂಲಿಕಾರರ ಕುಟುಂಬಗಳಲ್ಲಿ 17. ಕೂಲಿಕಾರರ ಕೇರಿಗಳಲ್ಲಿ ಶಿಶುಮರಣ ವಿಪರೀತವಾಗಿದ್ದುದು ಇದಕ್ಕೆ ಮುಖ್ಯ ಕಾರಣ. ಹಳ್ಳಿಗಾಡಾದ ರಟ್ಲೆಂಡಿನಲ್ಲಿ ಕೂಲಿಕಾರರ ಸರಾಸರಿಯೂ 38 ಇತ್ತು. ಅಂದರೆ ಮ್ಯಾಂಚೆಸ್ಟರಿನ ಸಿರಿವಂತರಿಗೂ ರಟ್ಲೆಂಡಿನ ಬಡವರಿಗೂ ಒಂದೇ ಆಯುಸ್ಸು.

ದೇಶ ಬಡವಾಗಿದ್ದುದರಿಂದ ಹೀಗಾಯಿತು ಎನ್ನುವಂತಿಲ್ಲ. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ ತೋರಿಸಿರುವಂತೆ, 1780ರಿಂದ 1840ರವರೆಗೆ ಬ್ರಿಟನ್ನಿನಲ್ಲಿ ಪ್ರತಿ ಕೆಲಸಗಾರನ ಉತ್ಪಾದನೆ ಶೇ. 46ರಷ್ಟು ಏರಿದರೆ, ನೈಜ ಕೂಲಿ ಏರಿದ್ದು ಶೇ. 12ರಷ್ಟು ಮಾತ್ರ. ಮಿಕ್ಕ ಲಾಭ ಬಂಡವಾಳದ ಒಡೆಯರ ಕೈಸೇರಿತು.

ಪ್ರತಿರೋಧವೂ ಇತ್ತು. 1811–12ರಲ್ಲಿ ಲುಡ್ಡೈಟರು ಎನಿಸಿಕೊಂಡ ಕೆಲಸಗಾರರು ಯಂತ್ರಗಳನ್ನು ಒಡೆದರು. ಸರ್ಕಾರ ಅದಕ್ಕೆ ಮರಣದಂಡನೆಯ ಕಾನೂನು ತಂದಿತು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರ ಸೈನಿಕರು ನುಗ್ಗಿದರು. ಇದೇ ಪೀಟರ್ಲೂ ಹತ್ಯಾಕಾಂಡ.

1833ರ ಕಾರ್ಖಾನೆ ಕಾಯಿದೆ, ಜವಳಿ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. 1847ರ ಕಾಯಿದೆ ಹೆಂಗಸರು ಮತ್ತು ಹರೆಯದವರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಇಳಿಸಿತು. ಪಟ್ಟಣಗಳ ಬಹುಪಾಲು ಗಂಡಸು ಕಾರ್ಮಿಕರಿಗೆ 1867ರಲ್ಲಿ ಮತದಾನದ ಹಕ್ಕು ದೊರೆಯಿತು. ಹತ್ತಿ ಗಿರಣಿಗಳ ದುಡಿಮೆಗಾರರಲ್ಲಿ ಅರ್ಧಕ್ಕೂ ಹೆಚ್ಚಿದ್ದ ಹೆಂಗಸರು ಮಾತ್ರ ಗಂಡಸರಿಗೆ ಸಮನಾದ ಮತದ ಹಕ್ಕಿಗಾಗಿ 1928ರವರೆಗೆ ಕಾಯಬೇಕಾಯಿತು.