ಮಸಿಕೊಂಬಿನ ಪದಗಳು

ಕೆಲಸದ ಸಂದರ್ಶನಕ್ಕೆಂದು ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಈ ಪಾಡು ನಮಗೆ ಮಾತ್ರ ಎಂದು ತಿಳಿಯಬೇಕಿಲ್ಲ. ನಾನೂರು ವರ್ಷಗಳ ಹಿಂದೆ ಇಂಗ್ಲಿಷರಿಗೇ ತಮ್ಮ ಭಾಷೆ ಅರ್ಥವಾಗದ ಕಾಲವೊಂದು ಬಂದಿತ್ತು.

16ನೇ ಶತಮಾನದಲ್ಲಿ ಅಲ್ಲಿನ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಗ್ರಂಥಗಳನ್ನು ತಮ್ಮ ನುಡಿಗೆ ತರುವಾಗ ಪದಗಳನ್ನೂ ಹೊತ್ತು ತಂದರು. ಪಂಡಿತರು ಬಳಸುತ್ತಿದ್ದ ಕೊಂಬಿನ ಮಸಿಕುಡಿಕೆಯನ್ನು ನೆನೆದು ಜನ ಇವನ್ನು ‘ಇಂಕ್‌ಹಾರ್ನ್’ ಪದಗಳೆಂದು ಗೇಲಿ ಮಾಡಿದರು. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಪುಸ್ತಕವೊಂದರಲ್ಲಿ ಇಂಥ ಪದಗಳನ್ನೇ ತುರುಕಿದ ಪತ್ರವೊಂದನ್ನು ಕೊಟ್ಟು ನಗಾಡಿದ. ಆತ ಹಾಸ್ಯ ಮಾಡಿದ ಪದಗಳಲ್ಲಿ ‘ಸೆಲೆಬ್ರೇಟ್’ ಕೂಡ ಇತ್ತು! ಜಾನ್ ಚೀಕ್ ಎಂಬ ಪಂಡಿತನಂತೂ ಬೈಬಲ್ ಅನುವಾದದಲ್ಲಿ ‘ಲುನಾಟಿಕ್’ ಬೇಡವೆಂದು ‘ಮೂನ್ಡ್’ ಎಂದು ಬರೆದ. ಆ ಅನುವಾದ ಅಚ್ಚಾದದ್ದು 1843ರಲ್ಲಿ. ಸಂಸ್ಕೃತ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದ ನಮ್ಮ ಆಂಡಯ್ಯ ಇಲ್ಲಿ ನೆನಪಾಗುತ್ತಾನೆ.

ಪಂಡಿತರ ಈ ಜಗಳದಲ್ಲಿ ಬಡವಾದವರು ಲ್ಯಾಟಿನ್ ಬಾರದವರು. ಲ್ಯಾಟಿನ್ ಕಲಿಸುತ್ತಿದ್ದ ಗ್ರಾಮರ್ ಶಾಲೆಗಳು ಗಂಡುಹುಡುಗರಿಗೆ ಮೀಸಲು. ಹೆಂಗಸರು ಚರ್ಚಿನಲ್ಲಿ ಕುಳಿತು ಉಪದೇಶ ಕೇಳಬೇಕು, ಆದರೆ ಅರ್ಧ ಪದಗಳು ತಲೆಗೆ ಹತ್ತುವುದಿಲ್ಲ.

ಇವರಿಗಾಗಿಯೇ 1604ರಲ್ಲಿ ರಾಬರ್ಟ್ ಕಾಡ್ರಿ ಒಂದು ಚಿಕ್ಕ ಪುಸ್ತಕ ತಂದ. ಶಾಲೆಯಲ್ಲಿ ಪಾಠ ಹೇಳಿದ್ದ ಆತ ಸಂಪ್ರದಾಯಕ್ಕೆ ಬಗ್ಗದೆ ಪಾದ್ರಿ ಹುದ್ದೆ ಕಳೆದುಕೊಂಡಿದ್ದವನು. ಪುಸ್ತಕ ಹೆಂಗಸರಿಗೂ ಓದು ಕಡಿಮೆಯಿರುವ ಇತರರಿಗೂ ಎಂದು ಮುಖಪುಟದಲ್ಲೇ ಅಚ್ಚು ಹಾಕಿಸಿದ. ಸುಮಾರು 2,500 ಕಠಿಣ ಪದಗಳು, ಪ್ರತಿಯೊಂದಕ್ಕೂ ಒಂದೆರಡು ಸರಳ ಮಾತಿನ ಅರ್ಥ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಿದ ಮೊದಲ ನಿಘಂಟೆಂದು ಇದಕ್ಕೆ ಹೆಸರು. ಅಕ್ಷರಾನುಕ್ರಮವೂ ಆಗ ಜನಕ್ಕೆ ಹೊಸತು. ‘ಎ’ಯಿಂದ ಶುರುವಾಗುವ ಪದವನ್ನು ಪುಸ್ತಕದ ಆರಂಭದಲ್ಲಿ, ‘ವಿ’ಯದನ್ನು ಕೊನೆಯ ಕಡೆ ಹುಡುಕಿ ಎಂದು ಆತ ತಾಳ್ಮೆಯಿಂದ ವಿವರಿಸುತ್ತಾನೆ. ಆಡಂಬರದ ಪದ ಬಳಸಬೇಡಿ ಎಂಬ ಬುದ್ಧಿವಾದವೂ ಮುನ್ನುಡಿಯಲ್ಲಿದೆ. ಅದನ್ನು ಬಹುಮಟ್ಟಿಗೆ ವಿಲ್ಸನ್ನನ ಪುಸ್ತಕದಿಂದಲೇ ಎತ್ತಿಕೊಂಡಿದ್ದ!

ಆದರೆ ಓದುಗರಿಗೆ ಅರ್ಥ ತಿಳಿದರಷ್ಟೇ ಸಾಲಲಿಲ್ಲ, ಆ ಪದಗಳನ್ನು ತಾವೂ ಆಡಬೇಕೆನಿಸಿತು. 1623ರಲ್ಲಿ ಹೆನ್ರಿ ಕಾಕರಮ್ ತನ್ನ ನಿಘಂಟಿನ ಎರಡನೇ ಭಾಗದಲ್ಲಿ ಲೆಕ್ಕವನ್ನೇ ತಿರುವುಮುರುವು ಮಾಡಿದ. ಎಡಗಡೆ ಸಾಧಾರಣ ಪದ, ಅದರ ಮುಂದೆ ಗತ್ತಿನ ಪದ. ಇಂದಿನ ‘ವೊಕ್ಯಾಬುಲರಿ’ ಕೈಪಿಡಿಗಳ ಮುತ್ತಜ್ಜ ಇದೇ ಇರಬೇಕು.

ಕಾಡ್ರಿಯ ಪುಸ್ತಕ 1617ರೊಳಗೆ ನಾಲ್ಕು ಮುದ್ರಣ ಕಂಡಿತು. ಮೊದಲ ಮುದ್ರಣದ ಒಂದೇ ಒಂದು ಪ್ರತಿ ಉಳಿದಿದ್ದು, ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.