ಯುದ್ಧವಿರೋಧವೂ ‘ಪೌರವಾಣಿ’ಯೂ

1939ರ ಸೆಪ್ಟೆಂಬರ್ 3ರಂದು ವೈಸರಾಯಿ ಲಿನ್‌ಲಿತ್‌ಗೋ ಪ್ರಭುವು ಜನಪ್ರತಿನಿಧಿಗಳ ಅಭಿಪ್ರಾಯವನ್ನು ಕೇಳದೆಯೇ ಭರತಖಂಡವನ್ನು ಯುದ್ಧಕ್ಕೆ ಸೇರಿಸಿದನು. ಮುಂದಿನ ವರ್ಷದ ಅಕ್ಟೋಬರ್ 17ರಂದು ವಿನೋಬಾ ಭಾವೆಯವರು ಪವನಾರಿನಲ್ಲಿ ಯುದ್ಧವಿರೋಧಿ ಭಾಷಣದಿಂದ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಅದರ ವಾರ್ತೆಯನ್ನು ಮೊದಲು ಅಧಿಕಾರಿಗಳಿಗೆ ತೋರಿಸದೆ ಮುದ್ರಿಸಬಾರದೆಂದು ಸರಕಾರವು ಸೂಚಿಸಲು, ಗಾಂಧೀಜಿಯವರು ‘ಹರಿಜನ’ ಪತ್ರಿಕೆಯನ್ನೇ ನಿಲ್ಲಿಸಿದರು. ಯುದ್ಧವನ್ನು ನಿರಾಕರಿಸುವ ಹಕ್ಕೂ ಪತ್ರಿಕೆಯ ಹಕ್ಕೂ ಬೇರೆಬೇರೆಯಲ್ಲವೆಂಬುದು ಅಂದೇ ಸ್ಪಷ್ಟವಾಯಿತು. ಮೈಸೂರು ಸಂಸ್ಥಾನದಲ್ಲಿ ಈ ಎರಡು ಹೋರಾಟಗಳೂ ಒಬ್ಬರ ಜೀವನದಲ್ಲಿಯೇ ಕೂಡಿಬಂದುದನ್ನು ಎಚ್. ಎಸ್. ದೊರೆಸ್ವಾಮಿಯವರ ಚರಿತ್ರೆಯಲ್ಲಿ ಕಾಣಬಹುದು.

1918ರಲ್ಲಿ ಹಾರೋಹಳ್ಳಿಯಲ್ಲಿ ಜನಿಸಿದ ದೊರೆಸ್ವಾಮಿಯವರು 1942ರಲ್ಲಿ ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಆ ವರ್ಷದ ಚಳವಳಿಯಲ್ಲಿ ಬಿನ್ನಿ, ಮಿನರ್ವಾ, ರಾಜಾ ಗಿರಣಿಗಳ ಕಾರ್ಮಿಕರು ಮುಷ್ಕರ ಹೂಡುವಂತೆ ಮಾಡಿದವರಲ್ಲಿ ಅವರೂ ಒಬ್ಬರು. ಸೈನ್ಯಕ್ಕೆ ಬಟ್ಟೆ ಒದಗಿಸುವ ಮಗ್ಗಗಳು ನಿಲ್ಲುವುದೆಂದರೆ ಅದು ಕೇವಲ ಕೂಲಿಯ ಪ್ರಶ್ನೆಯಲ್ಲ. ಯುದ್ಧಕ್ಕೇ ಒಡ್ಡಿದ ತಡೆ. ಅಂಚೆಪೆಟ್ಟಿಗೆಗಳಲ್ಲಿಯೂ ಕಚೇರಿಯ ದಫ್ತರಗಳಲ್ಲಿಯೂ ಸಣ್ಣ ಸಿಡಿಗುಂಡುಗಳನ್ನು ಇಡಿಸಿದ ಕಾರ್ಯದಲ್ಲಿಯೂ ಅವರ ಕೈಯಿದ್ದಿತು. ಗಾಂಧಿಮಾರ್ಗದವರೆಂದು ಅವರನ್ನು ಹೊಗಳುವವರು ಇದನ್ನು ಮರೆಮಾಚುವುದುಂಟು. ಚರಿತ್ರಕಾರನು ಹಾಗೆ ಮಾಡಲಾಗದು. ಅದಕ್ಕಾಗಿ ಅವರು ಸುಮಾರು 14 ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿದ್ದರು.

ಬಿಡುಗಡೆಯಾದ ಬಳಿಕ ಮೈಸೂರಿನಲ್ಲಿ ಪುಸ್ತಕದ ಅಂಗಡಿಯನ್ನಿಟ್ಟು, ‘ಪೌರವಾಣಿ’ ಪತ್ರಿಕೆಯನ್ನು ನಡೆಸಿದರು. ಸಂಸ್ಥಾನದಲ್ಲಿ ಪತ್ರಿಕೆಗಳ ಮೇಲಣ ನಿರ್ಬಂಧವು ಹೊಸದಾಗಿರಲಿಲ್ಲ. ಪತ್ರಿಕೆ ನಡೆಸಲು ಸರಕಾರದ ಅನುಜ್ಞೆ ಬೇಕೆಂದು 1908ರಲ್ಲಿ ಕಾನೂನು ಹೊರಟಾಗ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದ್ದರು. ದೊರೆಸ್ವಾಮಿಯವರು ಹಿಡಿದ ದಾರಿ ಬೇರೆ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ‘ಮೈಸೂರು ಚಲೋ’ ಆರಂಭವಾಗಿ, ಲೇಖನಗಳನ್ನು ಮುಂಚಿತವಾಗಿ ಪರೀಕ್ಷೆಗೆ ಒಪ್ಪಿಸಬೇಕೆಂಬ ಕಟ್ಟಳೆ ಬಂದೊಡನೆ, ಅವರು ಪತ್ರಿಕೆಯನ್ನು ಹಿಂದೂಪುರಕ್ಕೆ ಒಯ್ದು ಅಲ್ಲಿ ಮುದ್ರಿಸತೊಡಗಿದರು. ಆ ಊರು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಮೈಸೂರಿನ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಆಗಸ್ಟ್ 15 ಕಳೆದಿದ್ದರೂ ಕನ್ನಡ ಪತ್ರಿಕೆಯೊಂದು ತನ್ನ ನಾಡಿನ ಗಡಿಯಾಚೆಯಲ್ಲಿ ಆಶ್ರಯವನ್ನು ಹುಡುಕಬೇಕಾಗಿ ಬಂದುದನ್ನು ವಾಚಕರು ಗಮನಿಸಬೇಕು. ಅಕ್ಟೋಬರ್ ತಿಂಗಳಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಸ್ವತಂತ್ರ ಸರಕಾರದೊಡನೆಯೂ ಅವರಿಗೆ ಘರ್ಷಣೆ ತಪ್ಪಲಿಲ್ಲ. 1975ರಲ್ಲಿ ಇಂದಿರಾ ಗಾಂಧಿಯವರ ಆಡಳಿತವನ್ನು ಸರ್ವಾಧಿಕಾರವೆಂದು ಖಂಡಿಸಿ ಅವರಿಗೇ ಪತ್ರ ಬರೆದುದರಿಂದ ಮತ್ತೆ ಸೆರೆಮನೆ ಸೇರಿದರು. 2017ರ ಸೆಪ್ಟೆಂಬರ್ 5ರಂದು ಪತ್ರಿಕಾಸಂಪಾದಕಿ ಗೌರಿ ಲಂಕೇಶರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಗುಂಡಿಕ್ಕಿ ಕೊಂದಾಗ, ಕೊಲೆಗಾರರನ್ನು ಹಿಡಿಯಬೇಕೆಂದು ಬೀದಿಗಿಳಿದವರ ಸಾಲಿನಲ್ಲಿ 99 ವಯಸ್ಸಿನ ದೊರೆಸ್ವಾಮಿಯವರೂ ಇದ್ದರು. 2021ರ ಮೇ 26ರಂದು ಜಯನಗರದ ಅಂಚಿನಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಅವರು ಕಾಲವಾದರು.